ಹಪುತಲೆಯಲ್ಲೊಂದು ಕಾಡುಗೋಡಿ

ಕಾಡುಗೋಡಿ

ಮೊದಲ ಸಲ ವಿಮಾನ ಹತ್ತುವವರು ಕಾಣದ ಊರು ಕಾಣಲು ಹೋಗುತ್ತಾರೆ. ನಾನು ಶ್ರೀಲಂಕಾಕ್ಕೆ ಹೋದದ್ದು ನಮ್ಮೂರನ್ನೇ ನೋಡಲು. ಹೀಗೆಂದರೆ ಕೇಳಿದವರಿಗೆ ಇವಳ ತಲೆ ನೆಟ್ಟಗಿದೆಯೇ ಎನಿಸುತ್ತದೆ. ನಮ್ಮಮ್ಮ ಅದನ್ನು ಬಾಯಿಬಿಟ್ಟೇ ಕೇಳಿದಳು.

ನಮ್ಮೂರಿನಲ್ಲಿ ಮೆಟ್ರೊ ಕಂಬಗಳು ಏಳುವುದಕ್ಕೆ ಮುಂಚಿನ ಮಾತಿದು. ನಾನು ಆಗ ಪಕ್ಕದ ವೈಟ್‌ಫೀಲ್ಡಿನ ಒಂದು ಐಟಿ ಕಟ್ಟಡದಲ್ಲಿ, ಹೊರಗಿನಿಂದ ಬಂದು ಸೇರಿದವರಿಗೆ ಸಂಜೆ ಹೊತ್ತು ಮಾತಾಡುವ ಕನ್ನಡ ಕಲಿಸುತ್ತಿದ್ದೆ. ಆಟೊದವರ ಹತ್ತಿರ ಬಚಾವಾಗುವಷ್ಟು ಬಂದರೆ ಸಾಕು ಎನ್ನುವವರೇ ಅಲ್ಲಿ ಹೆಚ್ಚು. ಆ ಗಾಜಿನ ಕಟ್ಟಡ ನಿಂತಿರುವ ಜಾಗದಲ್ಲಿ ಹಿಂದೆ ಒಂದು ಬಂಗಲೆ ಇತ್ತು. ನಮ್ಮಜ್ಜಿ ಮುನಿಯಮ್ಮ, ಅಂದರೆ ಅಮ್ಮನ ತಾಯಿ, ಪ್ರಾಯದಲ್ಲಿ ಅಲ್ಲಿ ಆಯಾ ಆಗಿದ್ದಳು. ಆ ಮನೆಯ ದೊಡ್ಡ ದೊರೆಸಾನಿ ಸತ್ತ ವಾರ ಅಜ್ಜಿಯನ್ನು ಕೆಲಸದಿಂದ ಓಡಿಸಿದರು. ಹೆಣ ಸಾಗಿಸಲು ಮಲಗುವ ಕೋಣೆಯ ಗೋಡೆ ಒಡೆದಳು ಎಂಬುದು ಕಾರಣ. ಹಳೇ ಕಾಡುಗೋಡಿಯಲ್ಲಿ ಇಂದಿಗೂ ನಮ್ಮ ಮನೆಯನ್ನು ಗೋಡೆ ಒಡೆದವರ ಮನೆ ಎಂದರೆ ದಾರಿ ತೋರಿಸುವವರಿದ್ದಾರೆ.

ಅಷ್ಟೇ ಆಗಿದ್ದರೆ ಒಂದು ಅಡ್ಡಹೆಸರು ಹೊತ್ತುಕೊಂಡು ಬದುಕಿಬಿಡಬಹುದಿತ್ತು. ಆದರೆ ಆ ಮನೆಯ ಮೊಮ್ಮಗಳು ಡಾರತಿ ಎಂಬಾಕೆ ಇಂಗ್ಲೆಂಡಿಗೆ ಹೋಗಿ, ದೊಡ್ಡವಳಾಗಿ, ಇಂಗ್ಲಿಷಿನಲ್ಲಿ ಒಂದು ಕಾದಂಬರಿ ಬರೆದಳು. ಹಳೇ ಬಂಗಲೆ, ಮನೆತನದ ಗುಟ್ಟು, ಸತ್ತ ಮೇಲೂ ಕೋಣೆ ಕೋಣೆ ಅಲೆಯುವ ಅಜ್ಜಿ. ಓದುತ್ತಿದ್ದರೆ ಬೆನ್ನ ಹಿಂದೆ ಯಾರೋ ನಿಂತಂತಾಗುವ ಪುಸ್ತಕ. ಅದರಲ್ಲಿ 'ಮುನಿ' ಎಂಬ ಆಯಾ ಮನೆಯವರೆಲ್ಲ ಊಟಿಗೆ ಹೋಗಿದ್ದಾಗ ದೊರೆಸಾನಿಗೆ ವಿಷ ಹಾಕುತ್ತಾಳೆ. ಏನೋ ಶಾಪ ಗೊಣಗುತ್ತ ಗೋಡೆ ಒಡೆದು ಒಡವೆಯ ಪೆಟ್ಟಿಗೆ ಸಾಗಿಸುತ್ತಾಳೆ. ಮುಂಬಾಗಿಲಿಗೆ ಮುಳ್ಳಿನ ಕೊಂಬೆ ಅಡ್ಡ ಇಟ್ಟು ಹೋಗುತ್ತಾಳೆ. ಮನೆಯವರು ಬಂದು ಆ ಮುಳ್ಳು ನೋಡಿ, ಇದು ನಮ್ಮ ಏಸುವಿನ ಮುಳ್ಳಿನ ಕಿರೀಟಕ್ಕೆ ಮಾಡಿದ ಅಪಹಾಸ್ಯ ಎಂದು ಗಡಗಡ ನಡುಗುತ್ತಾರೆ.

ಕಾಲೇಜಿನ ಲೈಬ್ರರಿಯಲ್ಲಿ ಆ ಪುಸ್ತಕ ಸಿಕ್ಕಾಗ ನನಗೆ ಹತ್ತೊಂಬತ್ತು. ಅಜ್ಜಿಗೆ ಹಲ್ಲು ಬಿದ್ದುಹೋಗಿದ್ದವು. ದಿನಾ ಸಂಜೆ ಕಬ್ಬಿಣದ ಸಣ್ಣ ಕುಟ್ಟಾಣಿಯಲ್ಲಿ ಅವಳಿಗೆ ಎಲೆ ಅಡಿಕೆ ಕುಟ್ಟಿ ಕೊಡುವುದು ನನ್ನ ಕೆಲಸ. ಅಂದು ಕುಟ್ಟುತ್ತ ಕುಟ್ಟುತ್ತ ಕೇಳಿಯೇಬಿಟ್ಟೆ: "ಅಜ್ಜಿ, ಆ ಪೆಟ್ಟಿಗೆ ಏನ್ ಮಾಡ್ದೆ?"

ಅಜ್ಜಿ ನನ್ನನ್ನು ಸುಮ್ಮನೆ ನೋಡಿದಳು. ಬೈಯಲಿಲ್ಲ, ಅಳಲಿಲ್ಲ, ಯಾವ ಪೆಟ್ಟಿಗೆ ಎಂದೂ ಕೇಳಲಿಲ್ಲ. ಮಾರನೆಯ ದಿನದಿಂದ ತನ್ನ ಎಲೆ ಅಡಿಕೆ ತಾನೇ ಕುಟ್ಟಿಕೊಂಡಳು. ಆ ವರ್ಷವೇ ತೀರಿಕೊಂಡಳು. ಅವಳು ಉತ್ತರ ಕೊಡದ್ದಕ್ಕೆ ಪೆಟ್ಟಿಗೆ ಇತ್ತು ಎಂದು ಅರ್ಥವೋ, ಇರಲಿಲ್ಲ ಎಂದು ಅರ್ಥವೋ, ಇಪ್ಪತ್ತೈದು ವರ್ಷ ಆದರೂ ನನಗೆ ತಿಳಿದಿರಲಿಲ್ಲ.

ಹಾಗಿರುವಾಗ ವಿದೇಶದ ಒಂದು ಟೀವಿ ತಂಡ ಆ ಕಾದಂಬರಿಯನ್ನು ಟೀವಿ ಸಿನಿಮಾ ಮಾಡಲು ಹೊರಟಿತು. ನಿರ್ದೇಶಕಿ ಹೆಲೆನ್ ವೈಟ್‌ಫೀಲ್ಡಿಗೇ ಬಂದು ಜಾಗ ಹುಡುಕಿದಳು. ಕ್ಯಾಮೆರಾ ಯಾವ ಕಡೆ ತಿರುಗಿಸಿದರೂ ಒಂದು ಅಪಾರ್ಟ್‌ಮೆಂಟ್ ಇಣುಕುತ್ತಿತ್ತು. ಕೊನೆಗೆ ಶ್ರೀಲಂಕಾದ ಹಪುತಲೆ ಎಂಬಲ್ಲಿ ಬೆಟ್ಟದ ಮೇಲೆ ಒಂದು ಪಾಳು ಟೀ ತೋಟದ ಬಂಗಲೆ ಹಿಡಿದು, ಅಲ್ಲೇ ವೈಟ್‌ಫೀಲ್ಡ್ ಕಟ್ಟುವುದೆಂದು ತೀರ್ಮಾನವಾಯಿತು. ಆಯಾಳ ಪಾತ್ರ ಮಾಡುವ ನಟಿಗೆ ನಾಲ್ಕು ಮಾತು ಕನ್ನಡ ಹೇಳಿಕೊಡುವವರು ಬೇಕಿತ್ತು. ನನ್ನ ಕ್ಲಾಸಿನ ಹುಡುಗಿಯೊಬ್ಬಳು ನನ್ನ ಹೆಸರು ಕೊಟ್ಟಳು. ಆ ಮುನಿಯ ಮೊಮ್ಮಗಳು ನಾನೇ ಎಂದು ಹೆಲೆನ್‌ಗೆ ನಾನು ಹೇಳಲಿಲ್ಲ. ಡಾರತಿ ಕೂಡ ಶೂಟಿಂಗ್ ನೋಡಲು ಬರುತ್ತಾಳೆ ಎಂದು ಕೇಳಿದ ಮೇಲಂತೂ ಬಾಯಿಗೆ ಬೀಗ ಹಾಕಿಕೊಂಡೆ. ನನಗೆ ಅವಳನ್ನು ಕೇಳಬೇಕಾದ್ದು ಒಂದೇ ಇತ್ತು.

ಅಮ್ಮನಿಗೆ ಮಾತ್ರ ಹೇಳಿದೆ. ರಾಯಚೂರು ಕಡೆಯ ಕಟ್ಟಡ ಕೆಲಸದವರಿಗೆ ಬಾಡಿಗೆ ಕೊಟ್ಟ ಶೀಟಿನ ಮನೆಗಳ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ನಮ್ಮವ್ವನ್ನ ಒಂದ್ಸಲ ಓಡ್ಸಿದ್ದು ಸಾಲ್ದು ಅಂತ ಈಗ ಟೀವೀಲಿ ಓಡುಸ್ತಾರಾ? ಅದ್ನ ನೋಡಕ್ಕೆ ಇಮಾನ ಅತ್ಕೊಂಡು ಓಯ್ತೀಯಾ? ನಿನ್ ತಲೆ ನೆಟ್ಗೈತಾ?"

"ಕೇಳ್ಬೇಕು ಕಣಮ್ಮ."

"ಕೇಳಿದ್ದು ಸಾಕಾಗ್ಲಿಲ್ವಾ ನಿಂಗೆ?" ಎಂದವಳು ಮುಂದಿನ ಕಾಯಿಗೆ ಕೈ ಹಾಕಿದಳು.

ಕೊಲಂಬೊದಿಂದ ಮೇಲಕ್ಕೆ

ನಟಿ ಮುದ್ದೆ ತೊಳಸುವ ದೃಶ್ಯ ಇದೆಯೆಂದು ಎರಡು ಕೇಜಿ ರಾಗಿಹಿಟ್ಟು ಒಯ್ದಿದ್ದೆ. ಕೊಲಂಬೊ ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬ ಪೊಟ್ಟಣ ಬಿಚ್ಚಿಸಿದ. ಕಂದು ಪುಡಿ ನೋಡಿ ಅವನ ಮುಖ ಬಿಗಿಯಿತು. ಒಂದು ಚಿಟಿಕೆ ಮೂಗಿನ ಹತ್ತಿರ ಹಿಡಿದವನು ಇದ್ದಕ್ಕಿದ್ದಂತೆ ನಕ್ಕು "ಕುರಕ್ಕನ್!" ಎಂದ. ಅವರಲ್ಲೂ ರಾಗಿ ಉಂಟಂತೆ, ಅದನ್ನು ಹಾಗೆನ್ನುತ್ತಾರಂತೆ. ಇಡೀ ಸಾಲಿನವರಿಗೆ ಕೇಳುವಂತೆ ನಮ್ಮೂರಲ್ಲಿ ಇದು ಸಿಗಲ್ಲ ಅಂದುಕೊಂಡಿದ್ದಿರಾ ಎಂದು ಕೇಳಿ ಕಳಿಸಿದ.

ಹಪುತಲೆಗೆ ರೈಲಿನಲ್ಲಿ ಇಡೀ ಹಗಲು. ಹಸಿವಾಗಿ ಬುಟ್ಟಿಯವನಿಂದ ವಡೆ ಕೊಂಡರೆ ಅದರ ಮೇಲೆ ಇಡೀ ಸೀಗಡಿಯೊಂದು ಕಣ್ಣು ಬಿಟ್ಟುಕೊಂಡು ಮಲಗಿತ್ತು. ಎದುರಿಗಿದ್ದ ಅಜ್ಜಮ್ಮ ನನ್ನ ಸಂಕಟ ನೋಡಿ, ಸೀಗಡಿ ಕಿತ್ತು ತಾನು ತಿಂದು, ವಡೆ ನನಗೆ ಕೊಟ್ಟಳು. ಅಲ್ಲಿಯವರು ಟೀಗೆ ಸಕ್ಕರೆ ಹಾಕುವುದೇ ಕಡಿಮೆ. ಅಂಗೈಯಲ್ಲಿ ಒಂದು ತುಂಡು ಬೆಲ್ಲ ಇಟ್ಟುಕೊಂಡು, ಒಂದು ಕಡಿತ, ಒಂದು ಗುಟುಕು. ಎರಡು ದಿನದಲ್ಲಿ ನನಗೂ ಅದು ರೂಢಿಯಾಯಿತು.

ರೈಲು ಮೇಲೇರಿದಂತೆ ಮಂಜು ಕಿಟಕಿಯೊಳಗೇ ಬಂತು. ಹಪುತಲೆಯಲ್ಲಿ ಇಳಿದು ತಂಡದ ವ್ಯಾನು ಹತ್ತಿದೆ. ತೋಟದ ರಸ್ತೆಯ ಎರಡೂ ಬದಿಗೆ ದಾರ ಕಟ್ಟಿ ಚಿಕ್ಕ ಚಿಕ್ಕ ಬಿಳಿ ಬಾವುಟ ತೂಗುಹಾಕಿದ್ದರು. ರಾಜ್ಯೋತ್ಸವಕ್ಕೆ ಕಾಡುಗೋಡಿ ಸರ್ಕಲ್‌ನಲ್ಲಿ ಹಳದಿ ಕೆಂಪು ಕಟ್ಟುವುದು ನೋಡಿದ್ದ ನಾನು, ಡ್ರೈವರನನ್ನು ತಮಿಳಿನಲ್ಲಿ ಯಾವ ಹಬ್ಬ ಎಂದು ಕೇಳಿದೆ. ಕಾಡುಗೋಡಿಯಲ್ಲಿ ಬೆಳೆದವರಿಗೆ ತಮಿಳು ತಾನಾಗಿಯೇ ಬಂದಿರುತ್ತದೆ.

"ಹಬ್ಬ ಅಲ್ಲಮ್ಮ. ಸಾವು. ಯಾರಾದರೂ ಹೋದರೆ ಬಿಳಿ ಕಟ್ಟುತ್ತಾರೆ," ಎಂದ ಅವನು.

"ಯಾರು ಹೋದದ್ದು?"

"ಗೊತ್ತಿಲ್ಲ. ನಿಮ್ಮ ಬಂಗಲೆ ತನಕ ಕಟ್ಟಿದ್ದಾರೆ ನೋಡಿ."

ನಿಜವಾಗಿಯೂ ಬಾವುಟಗಳು ಬಂಗಲೆಯ ಗೇಟಿನವರೆಗೂ ಬಂದಿದ್ದವು. ಗೇಟಿನ ಪಕ್ಕದ ಕಾಲುದಾರಿ ಕೂಲಿಯವರ ಸಾಲುಮನೆಗಳಿಗೆ ಇಳಿಯುತ್ತಿತ್ತು, ಸತ್ತವರು ಅಲ್ಲಿಯವರಿರಬೇಕು. 

ಬಂಗಲೆ

ಒಳಗೆ ಕಾಲಿಟ್ಟಾಗ ನಡೆದದ್ದನ್ನು ಹೇಗೆ ಹೇಳಲಿ? ನಮ್ಮೂರಿನ ಆ ಬಂಗಲೆಯೊಳಗೆ ನಾನು ಹೋದವಳೇ ಅಲ್ಲ. ನಾನು ಚಿಕ್ಕವಳಿದ್ದಾಗ ಅದು ಬೀಗ ಹಾಕಿ ನಿಂತಿತ್ತು, ಗೇಟಿನ ಹೊರಗಿನಿಂದ ಹುಣಸೆಕಾಯಿಗೆ ಕಲ್ಲು ಹೊಡೆದದ್ದಷ್ಟೇ. ಆದರೂ ಅಜ್ಜಿಯ ಬಾಯಲ್ಲಿ ಕೇಳಿ ಕೇಳಿ ಆ ಮನೆ ನನಗೆ ಗೊತ್ತಿತ್ತು. ಹೆಲೆನ್ ಮುಂದೆ ಹೋಗುತ್ತಿದ್ದಳು. ಅವಳು ತಿರುಗುವ ಮುಂಚೆಯೇ ನನ್ನ ಕಾಲು ಬಲಕ್ಕೆ ತಿರುಗಿತು, ಎರಡು ಮೆಟ್ಟಿಲು ಇಳಿಯಿತು, ತಲೆ ತಾನಾಗಿಯೇ ಬಗ್ಗಿತು. ಅಡುಗೆಮನೆಯ ಬಾಗಿಲು ಗಿಡ್ಡ ಎಂದು ಅಜ್ಜಿ ಯಾವಾಗಲೂ ಹೇಳುತ್ತಿದ್ದಳು.

"ನಿಮಗೆ ಹೇಗೆ ಗೊತ್ತಾಯಿತು?" ಎಂದಳು ಹೆಲೆನ್. ನಾನು ಮಸಾಲೆ ವಾಸನೆ ಬಂತು ಎಂದು ಸುಳ್ಳು ಹೇಳಿದೆ.

ಒಳಗೆ ನೋಡಿದರೆ ರುಬ್ಬುವ ಒರಳು ಎಡ ಮೂಲೆಯಲ್ಲಿ ಹೂತಿತ್ತು, ಗುಂಡಿನ ಎಡಕ್ಕೆ ಕೂರುವ ಮಣೆ. ನಮ್ಮಜ್ಜಿ ಎಡಚಿ. ಎಡಗೈಯಲ್ಲಿ ರುಬ್ಬುವವರಿಗೆ ಮಾತ್ರ ಒರಳು ಹಾಗೆ ಕೂರಿಸಬೇಕು. ಪುಸ್ತಕದಲ್ಲಿ ಎಲ್ಲೂ ಆಯಾ ಎಡಚಿ ಎಂದು ಬರೆದಿಲ್ಲ. ಅದನ್ನು ನಾನು ಏಳೆಂಟು ಸಲ ಓದಿದ್ದೇನೆ. ಮಣೆಯ ಮುಂದೆ ನಿಂತುಬಿಟ್ಟೆ.

"ಒರಳು ಹೀಗೇ ಇರಬೇಕು ಅಂತ ಯಾರು ಹೇಳಿದರು?" ಎಂದೆ.

ಹೆಲೆನ್ ಒಂದು ಹಾಳೆ ತೋರಿಸಿದಳು. ಡಾರತಿ ಪೆನ್ಸಿಲಿನಲ್ಲಿ ಬರೆದು ಕಳಿಸಿದ ಮನೆಯ ಚಿತ್ರ. ದೊಡ್ಡ ಹಾಲು, ಊಟದ ಕೋಣೆ ಎಲ್ಲ ಬರೀ ನಾಲ್ಕು ಗೆರೆಯ ಚೌಕಗಳು. ಅಡುಗೆಮನೆಯಲ್ಲಿ ಮಾತ್ರ ಒಲೆ, ಉಪ್ಪಿನ ಮರಿಗೆ, ಒರಳು, ಗೋಡೆಗೆ ನೇತುಹಾಕಿದ ಮೊರ ಎಲ್ಲವೂ ಇದ್ದವು. ಇಷ್ಟು ನೆನಪಿಟ್ಟುಕೊಂಡವಳು ಅಷ್ಟು ಕೆಟ್ಟದಾಗಿ ಯಾಕೆ ಬರೆದಳೋ ನನಗೆ ಅರ್ಥವಾಗಲಿಲ್ಲ. ಹಾಗಾದರೆ ಪೆಟ್ಟಿಗೆಯೂ ನಿಜವೇ ಇರಬೇಕು ಎನಿಸಿ ಮನಸ್ಸು ಕುಗ್ಗಿತು.

ನಿರೋಶಾಳ ಕನ್ನಡ

ಆಯಾಳ ಪಾತ್ರ ನಿರೋಶಾಳದ್ದು, ಕೊಲಂಬೊದ ನಾಟಕಗಳಲ್ಲಿ ಪಳಗಿದ ಸಿಂಹಳಿ ಹೆಣ್ಣುಮಗಳು. ವೈಟ್‌ಫೀಲ್ಡಿನ ನನ್ನ ವಿದ್ಯಾರ್ಥಿಗಳು ಮೂರು ತಿಂಗಳಿಗೂ ಹೇಳಲಾಗದ 'ಳ'ವನ್ನು ಅರ್ಧ ಗಂಟೆಯಲ್ಲಿ ಹೇಳಿದಳು. ಮುದ್ದೆ ಮಾತ್ರ ಬರಲಿಲ್ಲ. ಮೊದಲ ದಿನ ಗಂಟು, ಎರಡನೆಯ ದಿನ ಅಂಬಲಿ. ತಂಡದವರೆಲ್ಲ ಅದನ್ನೇ ಕುಡಿದು ಚೆನ್ನಾಗಿದೆ ಎಂದರು.

ಸ್ಕ್ರಿಪ್ಟಿನಲ್ಲಿ ಗೋಡೆ ಒಡೆಯುವ ದೃಶ್ಯದ ಎದುರು ಒಂದೇ ಸಾಲು: ಅವಳು ತನ್ನ ಭಾಷೆಯಲ್ಲಿ ಶಾಪ ಗೊಣಗುತ್ತಾಳೆ. ಆ ಶಾಪ ನಾನು ಕೊಡಬೇಕು.

"ಭಯಂಕರವಾಗಿರಲಿ. ಮಾತು ಯಾರಿಗೂ ಅರ್ಥವಾಗಬೇಕಿಲ್ಲ, ದನಿ ಸಾಕು," ಎಂದಳು ಹೆಲೆನ್.

ಶಾಪಕ್ಕೇನು, ಕಾಡುಗೋಡಿ ಮಾರ್ಕೆಟ್ಟಿನಲ್ಲಿ ಒಂದು ಬೆಳಗ್ಗೆ ನಿಂತರೆ ಮೂಟೆ ಕಟ್ಟಿಕೊಂಡು ಬರಬಹುದು. ನಾನೂ ಎರಡು ಒಳ್ಳೆಯವನ್ನು ಆರಿಸಿ ಬರೆದೆ. ನಿರೋಶಾ ಅಜ್ಜಿಯಂತೆ ಸೀರೆ ಎತ್ತಿ ಕಟ್ಟಿ, ಸೆರಗು ಸಿಕ್ಕಿಸಿ, ಎದುರು ಬಂದು ನಿಂತಳು. ಮುಖದಲ್ಲಿ ಹೋಲಿಕೆ ಇಲ್ಲ, ನಿಲುವಿನಲ್ಲಿ ಇತ್ತು. ನನ್ನ ಬಾಯಿಂದ ಆ ಮಾತು ಹೊರಡಲೇ ಇಲ್ಲ. ಅಜ್ಜಿಯ ಬಾಯಿಗೆ ಶಾಪ ತುರುಕಲು ಡಾರತಿ ಒಬ್ಬಳು ಸಾಲದೇ, ನಾನೂ ಬೇಕೇ?

ತಾತ ಸತ್ತಾಗ ಅಜ್ಜಿ ಹೆಣದ ಹಿಂದೆ ನಡೆಯುತ್ತ ಹೇಳಿದ ಮಾತು ನನಗೆ ನೆನಪಿತ್ತು. ನಮ್ಮ ಮನೆಯ ಹೆಂಗಸರು ಮಕ್ಕಳಿರುವ ಮನೆಯಿಂದ ಸಾವು ಹೊರಟಾಗ ಅದನ್ನೇ ಹೇಳುವುದು. ಆಗ ನಾನು ತೊಟ್ಟಿಲಿನ ಕೂಸಲ್ಲ, ಆರು ವರ್ಷದವಳು. ಆದರೂ ನನ್ನನ್ನೇ ಬಲಗೈಯಲ್ಲಿ ಅವಚಿಕೊಂಡು ಹೇಳಿದ್ದಳು. ಅದನ್ನೇ ನಿರೋಶಾಳಿಗೆ ಹೇಳಿಕೊಟ್ಟೆ:

"ಓಗವ್ವ, ಓಗು. ತಿರ್ಗಿ ನೋಡ್ಬ್ಯಾಡ. ಕೂಸ್ನ ನಮ್ಗೆ ಬುಟ್ಟೋಗು."

ತಾತನಿಗೆ 'ಓಗಪ್ಪ' ಎಂದಿದ್ದಳು, ಅಷ್ಟೇ ವ್ಯತ್ಯಾಸ. ನಿರೋಶಾ ಅರ್ಥ ಕೇಳಿದಳು. ತುಂಬಾ ಹಳೆಯ ಶಾಪ ಎಂದುಬಿಟ್ಟೆ. ಅವಳು ಹಲ್ಲು ಕಚ್ಚಿ, ಕಣ್ಣು ಕೆಂಪಗೆ ಮಾಡಿ ಹೇಳಿದಾಗ ಅದು ನಿಜಕ್ಕೂ ಶಾಪದಂತೆಯೇ ಕೇಳಿಸಿತು. ಹೆಲೆನ್ ಚಪ್ಪಾಳೆ ತಟ್ಟಿದಳು.

ಶನಿವಾರ

ಶೂಟಿಂಗಿನ ಪಟ್ಟಿಯಲ್ಲಿ ಗೋಡೆ ಒಡೆಯುವುದು ಶನಿವಾರ ಬಿತ್ತು.  ದೊಡ್ಡ ದೊರೆಸಾನಿ ಸತ್ತದ್ದೂ ಶನಿವಾರ, ಅದರ ಮೇಲೆ ಕೆಟ್ಟ ನಕ್ಷತ್ರ ಬೇರೆ ಎಂದು ಅಜ್ಜಿ ಹೇಳುತ್ತಿದ್ದಳು. ನಮ್ಮ ಕಡೆ ಅಂಥ ಸಾವಾದರೆ ಹೆಣವನ್ನು ಮುಂಬಾಗಿಲಲ್ಲಿ ಒಯ್ಯುವುದಿಲ್ಲ. ಒಯ್ದರೆ ಸತ್ತ ಜೀವ ದಾರಿ ಗುರುತಿಟ್ಟುಕೊಂಡು ಬಂದು ಮನೆಯಿಂದ ಇನ್ನೊಬ್ಬರನ್ನು ಕರೆದುಕೊಂಡು ಹೋಗುತ್ತದೆ ಎಂದು ಭಯ. ಗೋಡೆ ಒಡೆದು ಒಯ್ದು, ಮೂರನೆಯ ದಿನ ಹಾಲು ಬಿಟ್ಟು ಅದನ್ನು ಮುಚ್ಚಿ, ಬಾಗಿಲಿಗೆ ಮುಳ್ಳು ಹಾಕುತ್ತಾರೆ. ಯಾಕೆ ಒಡೆದೆ ಎಂದರೆ ಅಜ್ಜಿಯದು ಒಂದೇ ಉತ್ತರ: "ಕೂಸೈತಲ್ಲ ಮನೇಲಿ." ಆ ಬಂಗಲೆಯಲ್ಲಿ ಆಗ ಇದ್ದ ಕೂಸು ಏಳು ವರ್ಷದ ಡಾರತಿ. ಅಪ್ಪ ಅಮ್ಮ ಊಟಿಯಲ್ಲಿ, ಅವಳು ಆಯಾಳ ಹತ್ತಿರ. ಈ ಒಂದು ಮಾತನ್ನು ನಾವು ನಂಬಿದ್ದೆವು. ಪೆಟ್ಟಿಗೆಯ ಮಾತು ಬಂದ ಮೇಲೆ ನನಗೆ ಅದೂ ಅರ್ಧವೇ ಉಳಿಯಿತು.

ದೃಶ್ಯವೇನೋ ಆಯಿತು. ಇಟ್ಟಿಗೆ ಬಿದ್ದು, ಮಂಜು ಆ ತೂತಿನಿಂದ ಕೋಣೆಯೊಳಗೆ ನುಗ್ಗಿ, ಮಂಚದ ಮೇಲಿನ ಬಿಳಿ ಬಟ್ಟೆ ಸುತ್ತಿದ ಬೊಂಬೆ ಸಾಗಿತು.  ಆಮೇಲೆ ನೋಡಿದರೆ ಮೂಲೆಯಲ್ಲಿ ದೀಪದವನೊಬ್ಬನ ಮೊಣಕೈ ಕಾಣಿಸುತ್ತಿತ್ತು. ಇನ್ನೊಮ್ಮೆ ತೆಗೆಯಬೇಕು, ಅದಕ್ಕೆ ಗೋಡೆ ಇನ್ನೊಮ್ಮೆ ಕಟ್ಟಬೇಕು.

ಭಾನುವಾರ

ಬೆಳಗ್ಗೆ ಹೋದರೆ ತಂಡದವರೆಲ್ಲ ಅಂಗಳದಲ್ಲಿ ನಿಂತಿದ್ದರು, ಯಾರೂ ಒಳಗೆ ಹೋಗಿರಲಿಲ್ಲ. ಮುಂಬಾಗಿಲಿಗೆ ಅಡ್ಡಲಾಗಿ ಮುಳ್ಳಿನ ಕೊಂಬೆ ಬಿದ್ದಿತ್ತು. ಮುಂದಿನ ವಾರದ ದೃಶ್ಯಕ್ಕೆಂದು ಮಾಡಿಟ್ಟ ಪ್ಲಾಸ್ಟಿಕ್ ಮುಳ್ಳು ಪೆಟ್ಟಿಗೆಯಲ್ಲೇ ಇತ್ತು. ಇದು ನಿಜವಾದದ್ದು, ಕಡಿದ ಜಾಗ ಇನ್ನೂ ಹಸಿ.

ಹೆಲೆನ್ ಬಿಳಿಚಿಕೊಂಡಿದ್ದಳು. "ಸರೋಜಾ, ಇದು ನೀವು ಮಾಡಿದ್ದಾ?" ಎಂದು ಮೆಲ್ಲಗೆ ಕೇಳಿದಳು. ಅಲ್ಲ ಎಂದೆ. 

ಆಗ ಗಾರೆ ಕೆಲಸದ ಮುತ್ತಯ್ಯ ಬಂಗಲೆಯ ಹಿಂದಿನಿಂದ ಕೈ ಒರೆಸಿಕೊಳ್ಳುತ್ತ ಬಂದ. ತೋಟದ ಸಾಲುಮನೆಯಲ್ಲೇ ಹುಟ್ಟಿ ಬೆಳೆದ ಮುದುಕ. ಆ ಮನೆಗಳೋ, ತಗಡಿನ ಸೂರು, ಒಂದೊಂದೇ ಕೋಣೆ, ಮುಂದೆ ಒಂದು ನಲ್ಲಿ, ಥೇಟ್ ಅಮ್ಮನ ಬಾಡಿಗೆ ಮನೆಗಳು.

"ಮುಳ್ಳು ಹಾಕಿದ್ದು ನಾನೇ," ಎಂದ ತಮಿಳಿನಲ್ಲಿ, ನನ್ನನ್ನೇ ನೋಡಿ. "ಶನಿವಾರ ಗೋಡೆ ಒಡೆದು ಕಳಿಸಿದ್ದೀರಿ. ಬಾಗಿಲು ಹಾಗೇ ಬಿಟ್ಟು ಹೋಗಿದ್ದೀರಲ್ಲ? ಇಷ್ಟು ಜನ ಓಡಾಡುತ್ತೀರಿ, ಕೆಳಗೆ ನಮ್ಮ ಮನೆಗಳಲ್ಲಿ ಮಕ್ಕಳಿದ್ದಾರೆ."

"ಅದು ಬೊಂಬೆ ಮುತ್ತಯ್ಯ."

"ಬೊಂಬೆಯೇ ಇರಲಿ. ಗೋಡೆ ನಿಜ ತಾನೇ? ಮೂರನೆಯ ದಿನಕ್ಕೆ ಮುಚ್ಚುತ್ತೇನೆ. ಇವತ್ತು ಮುಟ್ಟಲ್ಲ. ಆ ದಿನ ಕಾಲು ಲೀಟರ್ ಹಾಲು ತರಿಸಿ, ಪುಡಿ ಹಾಲು ಬೇಡ."

ನಾನು ಒಂದೊಂದೇ ಮಾತು ಇಂಗ್ಲಿಷಿಗೆ ಮಾಡಿ ಹೇಳಿದೆ. ಹೆಲೆನ್ ಎರಡು ಸಲ ಕೇಳಿಸಿಕೊಂಡಳು. "ಅಂದರೆ... ಗೋಡೆ ಒಡೆಯುವುದು ಉಳಿದವರನ್ನು ಕಾಪಾಡಲಿಕ್ಕೆ? ಮುಳ್ಳೂ ಅದಕ್ಕೇ?" ಎಂದಳು. ಮುತ್ತಯ್ಯನ ಮುಖವನ್ನೂ ನನ್ನ ಮುಖವನ್ನೂ ನೋಡಿದಳು. "ನಿಮಗೆ ಇದು ಮೊದಲೇ ಗೊತ್ತಿತ್ತು, ಅಲ್ಲವಾ?"

ಗೊತ್ತಿತ್ತು ಎಂದೆ. ಹೇಗೆ ಗೊತ್ತು ಎಂಬುದನ್ನು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಸಮುದ್ರ ದಾಟಿ ಬಂದು, ಅಜ್ಜಿಯ ಹೆಸರೂ ಕೇಳದ ಒಬ್ಬ ಮುದುಕನ ಬಾಯಿಂದ ಅವಳ ಮಾತೇ ಬಂದದ್ದು ನನಗೆ ಸಾಕಾಗಿತ್ತು. ಬಂಗಲೆಯ ಹಿಂದೆ ಹೋಗಿ ಸ್ವಲ್ಪ ಹೊತ್ತು ಅತ್ತೆ.

ಬುಧವಾರ

ಮುತ್ತಯ್ಯ ಸೋಮವಾರ ಹಾಲು ಬಿಟ್ಟು ಗೋಡೆ ಮುಚ್ಚಿದ, ಮಂಗಳವಾರ ಅದು ಒಣಗಿತು. ಮಂಗಳವಾರ ಸಂಜೆಯೇ ಡಾರತಿ ಬಂದಿಳಿದಳು. ಎಪ್ಪತ್ತೈದು ದಾಟಿದ ತೆಳ್ಳನೆಯ ಹೆಂಗಸು, ಕೈಯಲ್ಲಿ ಕೋಲು, ಕಿವಿ ಚುರುಕು. ತಾನೇ ಚಿತ್ರ ಬರೆದುಕೊಟ್ಟ ಮನೆಯೊಳಗೆ ಬರಲು ಅವಳಿಗೆ ಹತ್ತು ನಿಮಿಷ ಬೇಕಾಯಿತು. ಹೊಸ್ತಿಲಲ್ಲಿ ನಿಂತೇ ಇದ್ದಳು.

ಬುಧವಾರ ಬೆಳಗ್ಗೆ ಮತ್ತೆ ದೃಶ್ಯ. ಮಂಜು ದಟ್ಟವಾಗಿತ್ತು. ಡಾರತಿಯನ್ನು ಪಕ್ಕದ ಕೋಣೆಯಲ್ಲಿ, ಮುಚ್ಚಿದ ಬಾಗಿಲ ಹಿಂದೆ ಕುರ್ಚಿ ಹಾಕಿ ಕೂರಿಸಿದ್ದರು. ಪಾಠದ ಹಾಳೆ ಹಿಡಿದು ನಾನೂ ಅಲ್ಲೇ ಇದ್ದೆ. ಗುದ್ದಲಿಯ ಏಟು ಬಿತ್ತು. ಒಂದು, ಎರಡು, ಮೂರು. ಇಟ್ಟಿಗೆ ಉರುಳಿತು. ಬಾಗಿಲ ಆ ಕಡೆಯಿಂದ ನಿರೋಶಾಳ ದನಿ ಬಂತು: "ಓಗವ್ವ, ಓಗು. ತಿರ್ಗಿ ನೋಡ್ಬ್ಯಾಡ..."

ನನ್ನ ಪಕ್ಕದಲ್ಲಿ, ಇನ್ನೊಂದು ದನಿ ಅದನ್ನು ಮುಗಿಸಿತು.

"ಕೂಸ್ನ ನಮ್ಗೆ ಬುಟ್ಟೋಗು."

ನಾನು ತಿರುಗಲಿಲ್ಲ. ತಿರುಗಲು ಆಗಲಿಲ್ಲ. ಅದು ಅಜ್ಜಿಯ ಕನ್ನಡ. ಪದ ಮಾತ್ರವಲ್ಲ, 'ಕೂಸ್ನ' ಎನ್ನುವಲ್ಲಿ ತಗ್ಗುವ ಆ ದನಿ, 'ಬುಟ್ಟೋಗು' ಎನ್ನುವಲ್ಲಿ ಎಳೆಯುವ ರಾಗ, ಎಲ್ಲವೂ ಅವಳದೇ. ಇಪ್ಪತ್ತೈದು ವರ್ಷದಿಂದ ಕೇಳದ ದನಿ.  ಮೆಲ್ಲಗೆ ನೋಡಿದರೆ ಡಾರತಿ ಕೋಲು ಹಿಡಿದು ಬಾಗಿಲನ್ನೇ ನೋಡುತ್ತಿದ್ದಳು. ತುಟಿ ಇನ್ನೂ ಅಲುಗುತ್ತಿತ್ತು.

ಹೆಲೆನ್ ಕಟ್ ಎಂದ ಮೇಲೂ ಅವಳು ಅಲುಗಲಿಲ್ಲ. ಕೊನೆಗೆ ಇಂಗ್ಲಿಷಿನಲ್ಲಿ, "ಆ ಮಾತು ಇವಳಿಗೆ ಹೇಳಿಕೊಟ್ಟವರು ಯಾರು?" ಎಂದಳು.

"ನಾನು. ಮುನಿಯಮ್ಮ ನಮ್ಮಜ್ಜಿ."

ಅವಳು ನನ್ನನ್ನು ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. "ನಾನು ಬಾಗಿಲ ಹಿಂದೆ ಹೀಗೇ ಕೂತಿದ್ದೆ. ಏಟಿನ ಸದ್ದಿಗೆ ಹೆದರಿ ಸತ್ತೇಹೋಗುತ್ತೇನೆ ಅನಿಸಿತ್ತು. ಅವಳು ಏನೋ ಗೊಣಗುತ್ತಿದ್ದಳು. ಮನೆಗೆ ಬಂದ ಅಪ್ಪ ಅದು ಶಾಪವೇ ಎಂದರು. ಆಗ ನನಗೆ ಕನ್ನಡ ಬರುತ್ತಿತ್ತು, ಅರ್ಥವಾಗಿತ್ತು. ಆದರೂ ದೊಡ್ಡವರು ಹೇಳಿದ ಮೇಲೆ ಶಾಪ ಎಂದೇ ನೆನಪಿಟ್ಟುಕೊಂಡೆ." ಆಮೇಲೆ ಕೇಳಿದಳು: "ಕೂಸು ಅಂದರೆ ಯಾರು?"

"ನೀವು."

ಅವಳು ತಲೆ ಬಗ್ಗಿಸಿದಳು. ಹಿರಿಯರ ಕಣ್ಣೀರು ನೋಡಿ ಎದೆ ಕರಗಬೇಕಿತ್ತು. ನನಗೆ ಕರಗಲಿಲ್ಲ. ನಾನು ಬಂದ ಕೆಲಸ ಬಾಕಿ ಇತ್ತು.

"ಒಡವೆಯ ಪೆಟ್ಟಿಗೆ ಏನಾಯಿತು?" ಎಂದೆ.

"ಯಾವ ಪೆಟ್ಟಿಗೆ?"

"ದೊರೆಸಾನಿಯದು. ಅಜ್ಜಿ ಕದ್ದದ್ದು."

ಡಾರತಿಗೆ ಕ್ಷಣ ಹೊತ್ತು ಅರ್ಥವಾಗಲಿಲ್ಲ. ಆಮೇಲೆ, "ಓ, ಅದಾ," ಎಂದಳು. "ಪೆಟ್ಟಿಗೆ ಇರಲಿಲ್ಲ. ನಮ್ಮಜ್ಜಿಯ ಹತ್ತಿರ ಒಂದು ಉಂಗುರ ಬಿಟ್ಟರೆ ಏನೂ ಇರಲಿಲ್ಲ, ಅದು ಅವಳ ಜೊತೆ ಮಣ್ಣಿಗೆ ಹೋಯಿತು. ಕಥೆಗೆ ಒಂದು ಕಾರಣ ಬೇಕಿತ್ತು. ಸುಮ್ಮನೆ ಗೋಡೆ ಒಡೆದರೆ ಓದುವವರು ನಂಬುವುದಿಲ್ಲ ಎಂದು ಸೇರಿಸಿದೆ. ವಿಷವೂ ಹಾಗೆಯೇ." ನನ್ನ ಮುಖ ನೋಡಿ ಅವಳ ದನಿ ಬದಲಾಯಿತು. "ಯಾಕೆ, ಅದನ್ನು ಯಾರಾದರೂ ನಿಜ ಅಂದುಕೊಂಡರಾ?"

ನನಗೆ ಸಿಟ್ಟು ಬಂತು, ನಿಜ. ಕೋಲು ಕಿತ್ತು ಎಸೆಯುವಷ್ಟು ಬಂತು. ಆದರೆ ಆ ಪ್ರಶ್ನೆಗೆ ಉತ್ತರವಾಗಿ ಹೇಳಲು ನನ್ನ ಹತ್ತಿರ ಇದ್ದದ್ದು ಒಂದೇ ಹೆಸರು.

"ನಾನು," ಎಂದೆ.

ಮಧ್ಯಾಹ್ನ ಹೆಲೆನ್ ನಮ್ಮಿಬ್ಬರನ್ನೂ ಕೂರಿಸಿಕೊಂಡು ತುಂಬಾ ಹೊತ್ತು ಮಾತಾಡಿದಳು. ಪೆಟ್ಟಿಗೆ ತೆಗೆದರೆ ಸಿನಿಮಾ ಕುಸಿಯುತ್ತದೆ, ಅದು ಇರಲೇಬೇಕು ಎಂದಳು. ಡಾರತಿ ಬೇಡವೆಂದಳು, ಹಟ ಮಾಡಿದಳು, ಪುಸ್ತಕ ಅವಳದಾದರೂ ಸಿನಿಮಾ ಅವಳದಲ್ಲ. ಕೊನೆಗೆ ಒಂದು ಒಪ್ಪಂದವಾಯಿತು. ಆಯಾಳ ಮಾತು ಹಾಗೆಯೇ ಇರುತ್ತದೆ, ಪರದೆಯ ಕೆಳಗೆ ಶಾಪ ಎಂದಾಗಲಿ ಇನ್ನೇನೆಂದಾಗಲಿ ಅಕ್ಷರ ಬರುವುದಿಲ್ಲ. ಕನ್ನಡ ಬಲ್ಲವರಿಗೆ ಮಾತ್ರ ಅದು ತಿಳಿಯುತ್ತದೆ.

ಹೊರಡುವಾಗ ಡಾರತಿ ಅಡುಗೆಮನೆಯಲ್ಲಿ ಒರಳಿನ ಎಡಕ್ಕೆ, ಆ ಮಣೆಯ ಮೇಲೆ ಕೂತಿದ್ದಳು. ನಾನು ಹೋಗಿ ಬರುತ್ತೇನೆ ಎಂದೆ. ಅವಳು ಕನ್ನಡದಲ್ಲಿ "ಓಗವ್ವ" ಎಂದಳು, ಆಮೇಲೆ ಅದು ಸತ್ತವರಿಗೆ ಹೇಳುವ ಮಾತೆಂದು ನೆನಪಾಗಿ ಬಾಯಿ ಮುಚ್ಚಿಕೊಂಡಳು.

ಮತ್ತೆ ಕಾಡುಗೋಡಿ

ಮನೆ ತಲುಪಿದಾಗ ಮಧ್ಯಾಹ್ನ. ಬಾಡಿಗೆ ಮನೆಯವರೆಲ್ಲ ಕೆಲಸಕ್ಕೆ ಹೋಗಿದ್ದರು. ಅಮ್ಮ ಅದೇ ಜಾಗದಲ್ಲಿ ಕೂತಿದ್ದಳು, ಈ ಸಲ ಮುಂದಿದ್ದದ್ದು ಹುಣಸೆಹಣ್ಣು. ಬೆಲ್ಲದ ಪೊಟ್ಟಣ ಕೊಟ್ಟೆ. ಅವರು ಟೀ ಕುಡ್ಯೋದು ಹೀಗೆ ಎಂದು ತೋರಿಸಿದೆ. ಮುತ್ತಯ್ಯ, ಸೀಗಡಿ ವಡೆ, ನಿರೋಶಾಳ ಮುದ್ದೆ, ಎಲ್ಲ ಹೇಳಿದೆ. ಒಳ್ಳೆಯದೆಲ್ಲ ಮೊದಲು ಹೇಳಿ ಮುಗಿಸುವ ಚಾಳಿ ನನ್ನದು. ಅಮ್ಮ ಬೀಜ ಬಿಡಿಸುತ್ತಲೇ ಇದ್ದಳು.

"ಪೆಟ್ಗೆ ಇರ್ಲೇ ಇಲ್ವಂತೆ ಕಣಮ್ಮ," ಎಂದೆ ಕೊನೆಗೆ. "ಕಥೆಗೆ ಅಂತ ಸೇರ್ಸಿದ್ದಂತೆ."

"ನಂಗೊತ್ತಿತ್ತು."

"ನಿಂಗ್ ಹೆಂಗ್ ಗೊತ್ತು? ಅಜ್ಜಿ ಹೇಳಿದ್ಲಾ?"

"ಇಲ್ಲ. ನಾನು ಕೇಳ್ಲಿಲ್ಲ." ಅಮ್ಮ ಇನ್ನೊಂದು ಹಣ್ಣು ತೆಗೆದುಕೊಂಡಳು. "ಆ ದೊರೆಗೋಳು ಓಡ್ಸಿದ್ರು, ಊರೋರು ಎಸ್ರಿಟ್ರು. ಪೆಟ್ಗೆ ಎಲ್ಲಿ ಅಂತ ಅವ್ರ್ಯಾರೂ ಕೇಳ್ಲಿಲ್ಲ ಕಣೇ. ಕೇಳ್ದೋಳು ನೀನೊಬ್ಳೇ."

ನಾನು ಒಳಗೆ ಹೋದೆ. ಕುಟ್ಟಾಣಿ ಗೂಡಿನಲ್ಲಿತ್ತು. ನಮ್ಮ ಮನೆಯಲ್ಲಿ ಈಗ ಯಾರೂ ಎಲೆ ಅಡಿಕೆ ಹಾಕುವುದಿಲ್ಲ, ಅದರೊಳಗೆ ರಬ್ಬರ್ ಬ್ಯಾಂಡು, ಬಾಡಿಗೆ ಮನೆಗಳ ಹಳೇ ಬೀಗದಕೈ, ಒಂದು ಕರೆಂಟ್ ಬಿಲ್ಲು ತುಂಬಿದ್ದೆವು. ಎಲ್ಲವನ್ನೂ ಸುರಿದು, ತೊಳೆದು, ಸೆರಗಿನಲ್ಲಿ ಒರೆಸಿದೆ. ಒಳಗೆ ಇನ್ನೂ ಸುಣ್ಣದ ಬಿಳಿ ಕಲೆ ಇತ್ತು. ಎಲ್ಲಿಡುವುದೆಂದು ತಿಳಿಯದೆ, ಅಮ್ಮ ಊಟಕ್ಕೆ ಕರೆಯುವವರೆಗೂ ಅದನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದೆ.